ಸ್ವಹಸ್ತನಿರ್ಮಿತ ಕಾರಿನ ತೋಳುಗಳಿಗೆ ಬುಷ್ ಕೂಡಿಸುವ ಬಗೆ

ಎತ್ತಿನ ಗಾಡಿಯ ಗಾಲಿಯ ಗುಂಬದಲ್ಲಿ ಇರುಸು ಹಾಯುವ ರಂಧ್ರಕ್ಕೆ ಕಬ್ಬಿಣದ ಒಳಕೊಳವೆಯೊಂದನ್ನು ಕೂಡಿಸಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಮರವು ಸವೆಯದಿರಲೆಂದು ಮಾಡಿದ ಏರ್ಪಾಡು ಅದು. ಇಂಗ್ಲಿಷಿನ ‘ಬುಷ್’ ಎಂಬ ಶಬ್ದವೂ ಮೂಲತಃ ಇದೇ ವಸ್ತುವನ್ನು ಹೇಳುವಂಥದು. ಪೆಟ್ಟಿಗೆ, ಕೊಳವೆ ಎಂಬರ್ಥದ ಹಳೆಯ ಡಚ್ ಶಬ್ದವೊಂದರಿಂದ ಅದು ಬಂದಿದೆ. ಪೊದೆಗೂ ಅದಕ್ಕೂ ಸಂಬಂಧವಿಲ್ಲ. ಇದಕ್ಕೊಂದು ಕನ್ನಡ ಪಾರಿಭಾಷಿಕ ಪದವನ್ನು ಟಂಕಿಸುವ ಆಸೆ ನನಗೂ ಆಗದಿರಲಿಲ್ಲ. ಮಿಸ್ತ್ರಿಗಳೆಲ್ಲ ಬುಷ್ ಎಂದೇ ಅನ್ನುತ್ತಿರುವಾಗ ಪಂಡಿತನ ಹಟ ಸಲ್ಲದೆಂದು ಬಿಟ್ಟಿದ್ದೇನೆ. ಮೋಟಾರು ಕಾರಿನ ಬುಷ್ ಹೆಸರಿನಿಂದ ಗಾಡಿಯ ಬುಷ್ಷಿನ ತಮ್ಮನಾದರೂ ಸ್ವಭಾವದಿಂದ ಬೇರೆ. ಆ ಭೇದವನ್ನರಿಯದೆ ಕೂಡಿಸಿದರೆ ಒದಗುವ ಕೇಡನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತನ್ನ ಕಾರನ್ನು ತಾನೇ ಕಟ್ಟಿಕೊಳ್ಳುವ ಪರಿಪಾಠ ಬ್ರಿಟನ್ನಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. 1957ರಲ್ಲಿ ಕಾಲಿನ್ ಚಾಪ್ಮನ್ನರ ಲೋಟಸ್ ಸಂಸ್ಥೆ ಹೊರತಂದ ‘ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ತೆರಿಗೆಯ ಕ್ರಮ ಬದಲಾಗಿ ಆ ಲಾಭ ಹೋಯಿತು, ಹವ್ಯಾಸ ಹೋಗಲಿಲ್ಲ. ಕೇವಲ 250 ಪೌಂಡುಗಳಲ್ಲಿ ಕ್ರೀಡಾಕಾರನ್ನು ಕಟ್ಟುವ ವಿಧಾನವನ್ನು ಕುರಿತು ರಾನ್ ಚಾಂಪಿಯನ್ನರು ಬರೆದ ಪುಸ್ತಕ 1996ರಲ್ಲಿ ಪ್ರಕಟವಾದ ಮೇಲೆ, ಉಕ್ಕಿನ ಚೌಕ ಕೊಳವೆಗಳನ್ನು ತಾವೇ ಕೊಯ್ದು ಬೆಸೆದು, ಹಳೆಯ ಫೋರ್ಡ್ ಎಸ್ಕಾರ್ಟಿನ ಎಂಜಿನ್ನನ್ನೂ ಹಿಂಬದಿಯ ಆಕ್ಸಲನ್ನೂ ಕೂಡಿಸಿ ‘ಲೋಕಾಸ್ಟ್’ ಎಂಬ ಕಾರನ್ನು ಕಟ್ಟಿಕೊಂಡವರು ಅನೇಕರು.

ಈ ಕಾರಿನ ಮುಂಗಾಲಿಯೊಂದೊಂದನ್ನೂ ಕವೆಯಾಕಾರದ ಎರಡು ತೋಳುಗಳು, ಮೇಲೊಂದು ಕೆಳಗೊಂದರಂತೆ, ಹಿಡಿದಿರುತ್ತವೆ. ಕವೆಯ ಎರಡು ತುದಿಗಳು ಚಾಸಿಗೆ ಸೇರುವೆಡೆ ಎರಡು ಬುಷ್ಷುಗಳು. ಹಿಂಬದಿಯ ಆಕ್ಸಲನ್ನು ನಾಲ್ಕು ನೀಳ ದಂಡಗಳೂ ಅಡ್ಡಲಾಗಿ ಒಂದು ದಂಡವೂ ಹಿಡಿದಿರುತ್ತವೆ. ಪ್ರತಿಯೊಂದರ ಎರಡು ತುದಿಗಳಲ್ಲೂ ಬುಷ್ ಉಂಟು. ಹೀಗೆ ಮುಂದೆ 8, ಹಿಂದೆ 10, ಒಟ್ಟು 18. ಗಾಲಿಯು ನೆಟ್ಟಗೆ ನಿಲ್ಲುವುದೂ ಬ್ರೇಕು ಹಾಕಿದಾಗ ಪಕ್ಕಕ್ಕೆ ಸೆಳೆಯದಿರುವುದೂ ಇವುಗಳ ಆರೋಗ್ಯವನ್ನು ಅವಲಂಬಿಸಿವೆ.

ರಬ್ಬರು ಬುಷ್ಷಿನ ರಚನೆ ಸರಳವಾದುದು. ಹೊರಗೆ ಉಕ್ಕಿನ ಚಿಪ್ಪು, ಒಳಗೆ ಬೋಲ್ಟು ಹಾಯುವ ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಗಟ್ಟಿಯಾಗಿ ಅಂಟಿಸಿದ ರಬ್ಬರು. ಬೋಲ್ಟನ್ನು ಬಿಗಿದಾಗ ಒಳಕೊಳವೆಯು ಚಾಸಿಯ ಎರಡು ಕಿವಿಗಳ ನಡುವೆ ಸಿಕ್ಕಿ ಅಲುಗದಂತಾಗುತ್ತದೆ. ಹೊರಚಿಪ್ಪು ತೋಳಿನೊಡನೆ ಹೊರಳುತ್ತದೆ. ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಬಟ್ಟೆಯನ್ನು ಹಿಂಡಿದಂತೆ ರಬ್ಬರು ತಿರುಚಿಕೊಂಡು ಮತ್ತೆ ತನ್ನ ನೆಲೆಗೆ ಮರಳುತ್ತದೆ, ಅಷ್ಟೇ. ಆದುದರಿಂದ ಗಾಡಿಗೆ ಬೇಕಾದ ಕೀಲೆಣ್ಣೆ ಇದಕ್ಕೆ ಬೇಡ. ಸಾಮಾನ್ಯ ಗ್ರೀಸು ತಾಗಿದರಂತೂ ರಬ್ಬರು ಉಬ್ಬಿ ಮೆತ್ತಗಾಗಿ ಕೆಡುತ್ತದೆ. ಕೂಡಿಸುವಾಗ ನುಣುಪು ಬೇಕೆನಿಸಿದರೆ ಸಾಬೂನಿನ ನೀರು ಸಾಕು.

ತೋಳನ್ನು ಬೆಸೆಯುವಾಗ ಬುಷ್ ಅದರೊಳಗೆ ಇರಕೂಡದೆಂದು ಹೇಳಬೇಕಾದುದಿಲ್ಲ. ಆದರೆ ಬೆಸುಗೆಯ ಕಾವಿಗೆ ಬುಷ್ಷಿನ ಗೂಡೂ ಸೆಳೆದುಕೊಂಡು ಕೊಂಚ ಅಂಡಾಕಾರವಾಗುತ್ತದೆಂಬುದನ್ನು ಹೊಸಬರು ಮರೆಯುತ್ತಾರೆ. ಆರಿದ ಮೇಲೆ ಅಳೆದು, ಒಳಮೈಯನ್ನು ಮತ್ತೆ ದುಂಡಗೆ ತೀಡಿಕೊಳ್ಳಬೇಕು. ಬಳಿಕ ವೈಸಿನ ಒಂದು ಕಡೆ ಬುಷ್ ಹಿಡಿಯುವಷ್ಟು ಅಗಲದ ಕೊಳವೆಯ ತುಂಡನ್ನೂ, ಇನ್ನೊಂದು ಕಡೆ ಹೊರಚಿಪ್ಪಿನ ಅಂಚಿಗಷ್ಟೇ ತಾಗುವ ಬಳೆಯನ್ನೂ ಇಟ್ಟು ನಿಧಾನವಾಗಿ ಒತ್ತಬೇಕು. ಒಳಕೊಳವೆಯ ಮೇಲೆ ಒತ್ತಿದರೆ ರಬ್ಬರಿನ ಅಂಟು ಕಿತ್ತುಹೋಗುತ್ತದೆ. ಸುತ್ತಿಗೆಯನ್ನು ದೂರವಿಡುವುದೇ ಲೇಸು.

ಇನ್ನು ಮುಖ್ಯ ಸಂಗತಿ. ಮನೆಯಲ್ಲಿ ಕಾರು ಕಟ್ಟುವವನು ತೋಳುಗಳನ್ನು ಕೂಡಿಸುವ ವೇಳೆಗೆ ಚಾಸಿಯು ಸ್ಟ್ಯಾಂಡುಗಳ ಮೇಲೆ ಇರುತ್ತದೆ. ಎಂಜಿನ್ನಿಲ್ಲ, ಆಸನವಿಲ್ಲ, ತೋಳುಗಳು ಕೆಳಕ್ಕೆ ಜೋತುಬಿದ್ದಿರುತ್ತವೆ. ಬೋಲ್ಟು ಕಂಡೊಡನೆ ಬಲವಾಗಿ ಬಿಗಿದು ಕೆಲಸ ಮುಗಿಯಿತೆಂದುಕೊಳ್ಳುವುದು ಮನುಷ್ಯಸಹಜ. ಹಾಗೆ ಬಿಗಿದೊಡನೆ ರಬ್ಬರಿಗೆ ಆ ಜೋತ ಭಂಗಿಯೇ ವಿಶ್ರಾಂತಿಯ ನೆಲೆಯಾಗಿಬಿಡುತ್ತದೆ. ತೋಳಿನ ಉದ್ದ 300 ಮಿಲಿಮೀಟರ್ ಎಂದೂ, ಕಾರು ನೆಲಕ್ಕಿಳಿದಾಗ ಅದರ ಹೊರತುದಿ 75 ಮಿಲಿಮೀಟರ್ ಮೇಲೇರಿ ಮಟ್ಟಕ್ಕೆ ಬರುತ್ತದೆಂದೂ ಇಟ್ಟುಕೊಳ್ಳೋಣ. ಆಗ ಕಾರು ಸುಮ್ಮನೆ ನಿಂತಿರುವಾಗಲೂ ರಬ್ಬರು 14 ಅಂಶಗಳಿಗೂ ಮಿಕ್ಕು ತಿರುಚಿಕೊಂಡೇ ಇರುತ್ತದೆ. ದಾರಿಯ ಉಬ್ಬೊಂದು ಗಾಲಿಯನ್ನು ಇನ್ನೂ 50 ಮಿಲಿಮೀಟರ್ ಎತ್ತಿದರೆ ತಿರುಚು 24 ಅಂಶಗಳಾಗುತ್ತದೆ. ಕಾರು ನಿಂತ ಭಂಗಿಯಲ್ಲೇ ಬಿಗಿದಿದ್ದರೆ ಅದೇ ಉಬ್ಬಿಗೆ 10 ಅಂಶಗಳೂ ಆಗುತ್ತಿರಲಿಲ್ಲ. ಹಗಲಿರುಳೂ ಹಿಂಡಿಕೊಂಡಿರುವ ರಬ್ಬರು ಬೇಗನೆ ಹರಿಯುತ್ತದೆ. ಅದು ಹರಿಯುವವರೆಗೂ ಸ್ಪ್ರಿಂಗಿನೊಡನೆ ತಾನೂ ಒಂದು ಸ್ಪ್ರಿಂಗಿನಂತೆ ಕಾರನ್ನು ಮೇಲಕ್ಕೆ ತಳ್ಳುತ್ತ ಅದರ ಎತ್ತರವನ್ನೂ ಕೆಡಿಸುತ್ತದೆ.

ಆದಕಾರಣ ಮೊದಲು ನಟ್ಟುಗಳನ್ನು ಕೈಯಿಂದ ತಿರುಗಿಸಿ ನಿಲ್ಲಿಸಬೇಕು. ಎಂಜಿನ್ನು, ಮೈಕಟ್ಟು, ಪೆಟ್ರೋಲು ಎಲ್ಲವೂ ಸೇರಿದ ಮೇಲೆ ಕಾರನ್ನು ಗಾಲಿಗಳ ಮೇಲೆ ಇಳಿಸಿ, ಹಿಂದಕ್ಕೂ ಮುಂದಕ್ಕೂ ನಾಲ್ಕಾರು ಸಲ ಉರುಳಿಸಿ ನೆಲೆಗೊಳಿಸಬೇಕು. ಇಡೀ ಕಾರು 500-600 ಕಿಲೋಗ್ರಾಂ ತೂಗುವಾಗ ಚಾಲಕನ ತೂಕವೂ ಲೆಕ್ಕಕ್ಕೆ ಬರುವುದರಿಂದ ಆಸನದ ಮೇಲೆ ಮರಳಿನ ಚೀಲವನ್ನಿಡುವುದು ಯುಕ್ತ. ಅನಂತರವೇ ಕೊನೆಯ ಬಿಗಿತ: 12 ಮಿಲಿಮೀಟರಿನ 8.8 ದರ್ಜೆಯ ಬೋಲ್ಟಿಗೆ ಸುಮಾರು 80 ನ್ಯೂಟನ್-ಮೀಟರ್. ಕೆಳಗೆ ನುಗ್ಗಲು ಜಾಗವಿಲ್ಲದಿದ್ದರೆ ನಾಲ್ಕು ಗಾಲಿಗಳ ಅಡಿಗೂ ಸಮಎತ್ತರದ ದಪ್ಪ ಹಲಗೆಗಳನ್ನಿಡಬೇಕೇ ಹೊರತು ಚಾಸಿಗೆ ಜಾಕಿ ಕೊಡಬಾರದು. ಕೊಟ್ಟರೆ ತೋಳುಗಳು ಮತ್ತೆ ಜೋತುಬೀಳುತ್ತವೆ.

ಪಾಲಿಯುರೆಥೇನಿನ ಬುಷ್ಷಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದು ಒಳಕೊಳವೆಗೆ ಅಂಟದೆ ಅದರ ಸುತ್ತ ಜಾರುವುದರಿಂದ ಗಾಡಿಯ ಬುಷ್ಷಿನ ನಿಜವಾದ ತಮ್ಮ ಅದೇ. ಅದಕ್ಕೆ ಸಿಲಿಕೋನ್ ಗ್ರೀಸು ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ಅದರ ಒಳಕೊಳವೆ ಬುಷ್ಷಿಗಿಂತ ಕೂದಲೆಳೆಯಷ್ಟಾದರೂ ಉದ್ದವಿರಬೇಕು, ಇಲ್ಲವಾದರೆ ಬೋಲ್ಟು ಬುಷ್ಷನ್ನೇ ಹಿಸುಕಿ ತೋಳನ್ನು ಕಟ್ಟಿಹಾಕುತ್ತದೆ. ಪಂದ್ಯದ ಕಾರಿಗೆ ಅದು ಸೊಗಸು. ದಿನಬಳಕೆಗೆ ಮೆತ್ತನೆಯ ರಬ್ಬರೇ ಮೇಲೆಂದು ನನ್ನ ಮತ.

ಸಡಿಲ ಬಿಡುವ ಕ್ರಮದಲ್ಲೂ ಅಪಾಯವಿಲ್ಲದಿಲ್ಲ. ತಿಂಗಳುಗಳ ಕೆಲಸದ ನಡುವೆ 18ರಲ್ಲಿ ಒಂದನ್ನು ಬಿಗಿಯಲು ಮರೆತರೆ ಗಾಲಿಯೇ ಕೈಬಿಡಬಹುದು. ಬ್ರಿಟನ್ನಿನಲ್ಲಿ 1998ರಿಂದ ಇಂಥ ಕಾರುಗಳು ರಸ್ತೆಗಿಳಿಯುವ ಮುನ್ನ ಒಂದೊಂದಾಗಿ ಸರ್ಕಾರದ ಪರೀಕ್ಷೆಗೆ ಒಳಪಡುತ್ತವೆ. ಈಗಿರುವ ಪರೀಕ್ಷಾಕ್ರಮ 2009ರದು. ಪರೀಕ್ಷಕನಿಗೆ ಸಡಿಲವಾದ ಬೋಲ್ಟು ಸಿಕ್ಕೀತು. ಯಾವ ಭಂಗಿಯಲ್ಲಿ ಬಿಗಿದದ್ದೆಂಬುದು ಅವನ ಕಣ್ಣಿಗೆ ಕಾಣದು. ಅದನ್ನು ಬಲ್ಲವನು ಕಟ್ಟಿದವನೊಬ್ಬನೇ. ಆದುದರಿಂದ ನೆಲದ ಮೇಲೆ ನಿಂತ ಕಾರಿನಲ್ಲಿ ಕೊನೆಯ ಬಿಗಿತ ಪಡೆದ ಪ್ರತಿ ನಟ್ಟಿನ ಮೇಲೂ ಬಣ್ಣದ ಒಂದು ಗೆರೆ ಎಳೆದು, 18 ಗೆರೆಗಳನ್ನೂ ಎಣಿಸಿದ ಮೇಲೆಯೇ ಅವನು ಕೀಲಿಕೈಯನ್ನು ತಿರುಗಿಸತಕ್ಕದ್ದು.