ಕಡಿಯಾ ನಾಕಾದಿಂದ ಘಂಟಿಯವರೆಗೆ

ಬೆಳಿಗ್ಗೆ ಏಳೂವರೆ. ಪೂರ್ವ ಅಹಮದಾಬಾದಿನ ಒಂದು ಸರ್ಕಲ್. ತಲೆಗೆ ಟವೆಲ್ ಸುತ್ತಿದ ಗಂಡಸರು, ಕಂಕುಳಲ್ಲಿ ಕೂಸಿರುವ ಹೆಂಗಸರು, ಎಲ್ಲ ಸೇರಿ ಇನ್ನೂರು ಮಂದಿ ಇರಬಹುದು. ಇಂಥ ಜಾಗಕ್ಕೆ ಇಲ್ಲಿ ‘ಕಡಿಯಾ ನಾಕಾ’ ಎನ್ನುತ್ತಾರೆ. ಕಡಿಯಾ ಎಂದರೆ ನಮ್ಮ ಗಾರೆಯವನು, ಹುಬ್ಬಳ್ಳಿ ಕಡೆಯ ಗೌಂಡಿ. ದಾಹೋದ್, ಪಂಚಮಹಲ್, ಗಡಿಯಾಚೆಯ ಬಾಂಸವಾಡಾದಿಂದ ಬಂದವರೇ ಹೆಚ್ಚು. ಬೈಕೊಂದು ನಿಂತರೆ ಹತ್ತು ಜನ ಮುತ್ತುತ್ತಾರೆ, ಇಬ್ಬರು ಹತ್ತಿ ಹೋಗುತ್ತಾರೆ. ಪಕ್ಕದ ಸರ್ಕಾರಿ ಕೌಂಟರಿನಲ್ಲಿ 5 ರೂಪಾಯಿಗೆ ಊಟ. ಕೆಲಸ ಸಿಗುವ ಮೊದಲೇ ಡಬ್ಬಿ ತುಂಬಿಸಿಕೊಂಡವರೂ ಇದ್ದಾರೆ. ಹತ್ತು ಗಂಟೆಯ ಹೊತ್ತಿಗೆ ಇನ್ನೂ ಅರವತ್ತು ಜನ ಅಲ್ಲೇ ಕೂತಿದ್ದರು.

1861ರಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದ ಊರು ಇದು. 1980, 90ರ ದಶಕಗಳಲ್ಲಿ ಒಂದೊಂದೇ ಗಿರಣಿಗೆ ಬೀಗ ಬಿತ್ತು, ಲಕ್ಷಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದರು. ತಿಂಗಳ ಸಂಬಳ ಹೋಗಿ ದಿನಗೂಲಿ ಬಂತು.

ಕಾಗದದಲ್ಲಿ ಮಾತ್ರ ಗುಜರಾತಿಗೆ ಚಿಂತೆಯೇ ಇಲ್ಲ. ಕೇಂದ್ರದ 2023–24ರ ಸಮೀಕ್ಷೆ ಪ್ರಕಾರ ದೇಶದ ನಿರುದ್ಯೋಗ ಶೇ 3.2, ಗುಜರಾತಿನದು 1.1. 2025ರ ಏಪ್ರಿಲ್‌ನಿಂದ ತಿಂಗಳ ಲೆಕ್ಕವೂ ಶುರುವಾಯಿತು. ಮೊದಲ ತಿಂಗಳ ಅಂಕಿ ಶೇ 5.1, ಅದೂ ಇಡೀ ದೇಶದ್ದು. ತಿಂಗಳ ಲೆಕ್ಕದ ಸೂತ್ರವೇ ಬೇರೆ: ಹಿಂದಿನ ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಅವನು ಉದ್ಯೋಗಸ್ಥ. ನಾಕಾದಲ್ಲಿ ಉಳಿದ ಆ ಅರವತ್ತು ಜನರಲ್ಲಿ ಸೋಮವಾರ ಇಟ್ಟಿಗೆ ಹೊತ್ತವನು ಶನಿವಾರದವರೆಗೂ ‘ಕೆಲಸದಲ್ಲಿ’ ಇದ್ದಾನೆ!

ವಡೋದರಾದಲ್ಲಿ ಇಳಿದದ್ದು ಅರ್ಧ ದಿನಕ್ಕೆ. ಮಕರಪುರಾ ಕೈಗಾರಿಕಾ ವಸಾಹತಿನ ಗೇಟುಗಳಲ್ಲಿ ‘ಜೋಈಎ ಛೇ’, ಅಂದರೆ ‘ಬೇಕಾಗಿದ್ದಾರೆ’ ಎಂಬ ಬೋರ್ಡುಗಳು. ಫಿಟ್ಟರ್, ಟರ್ನರ್, ವೆಲ್ಡರ್. ನಮ್ಮ ಪೀಣ್ಯದ ನೆನಪಾಯಿತು. 2024ರ ಅಕ್ಟೋಬರ್‌ನಲ್ಲಿ ಇದೇ ಊರಲ್ಲಿ ಸಿ-295 ಸೇನಾ ಸಾಗಣೆ ವಿಮಾನ ಜೋಡಿಸುವ ಘಟಕ ಉದ್ಘಾಟನೆಯಾಯಿತು. ಆದರೆ ದಾಹೋದಿನ ಗಾರೆಯವನು ಓದಬಲ್ಲ ಬೋರ್ಡು ಇವ್ಯಾವುದೂ ಅಲ್ಲ.

ಸೂರತ್‌ಗೆ ಬಂದಾಗ ಮಧ್ಯಾಹ್ನ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವ ಊರು. ವರಾಛಾದ ಓಣಿಯೊಂದರಲ್ಲಿ ಎರಡನೇ ಮಹಡಿಯ ಕಾರ್ಖಾನೆ. ಕಲ್ಲು ಉಜ್ಜುವ ಮೇಜಿಗೆ ಇಲ್ಲಿ ‘ಘಂಟಿ’ ಎನ್ನುತ್ತಾರೆ. ಬಾರಿಸುವ ಗಂಟೆಯಲ್ಲ, ಗುಜರಾತಿಯಲ್ಲಿ ಬೀಸುವ ಕಲ್ಲಿಗೂ ಅದೇ ಹೆಸರು. ನಡುವೆ ಗಿರಗಿರನೆ ತಿರುಗುವ ಕಬ್ಬಿಣದ ತಟ್ಟೆ, ಅದಕ್ಕೆ ವಜ್ರದ ಪುಡಿ ಬೆರೆಸಿದ ಎಣ್ಣೆ, ಸುತ್ತ ನಾಲ್ವರು. ಕಲ್ಲನ್ನು ತಟ್ಟೆಗೆ ತಾಗಿಸುವುದು, ಎತ್ತುವುದು, ಭೂತಗನ್ನಡಿಯಲ್ಲಿ ನೋಡುವುದು, ಮತ್ತೆ ತಾಗಿಸುವುದು. ಕೂಲಿ ಕಲ್ಲಿನ ಲೆಕ್ಕದಲ್ಲಿ. ಅಂದು ಆ ಕೋಣೆಯ ಆರು ಘಂಟಿಗಳಲ್ಲಿ ತಿರುಗುತ್ತಿದ್ದದ್ದು ಎರಡೇ. ಉಳಿದವಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು.

ಖಾಜೋದ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ವಜ್ರ ವ್ಯಾಪಾರ ಕೇಂದ್ರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳಿವೆ. ಅದಾಗಿ ವರ್ಷ ತುಂಬುವ ಮೊದಲೇ, 2024ರ ಆಗಸ್ಟ್‌ನಲ್ಲಿ, ದೊಡ್ಡ ಕಂಪನಿಯೊಂದು ಐವತ್ತು ಸಾವಿರ ಕೆಲಸಗಾರರಿಗೆ ಹತ್ತು ದಿನ ರಜೆ ಕೊಟ್ಟಿತು. ಕೆಲಸವಿದ್ದು ರಜೆಯಲ್ಲಿರುವವರನ್ನೂ ಸಮೀಕ್ಷೆ ಉದ್ಯೋಗಸ್ಥರೆಂದೇ ಬರೆದುಕೊಳ್ಳುತ್ತದೆ.

ಅಮರೇಲಿಯಿಂದ ಬಂದು ಇಪ್ಪತ್ತು ವರ್ಷವಾದ ಒಬ್ಬರನ್ನು ಕೇಳಿದೆ: ‘ಹೋದ ವಾರ ಎಷ್ಟು ದಿನ ಕೆಲಸ, ಭಾಯಿ?’

‘ನಾಲ್ಕು. ಅದೂ ಅರ್ಧರ್ಧ.’

‘ಹಾಗಾದರೆ ಬೇಕಾರ್ ಅನ್ನಬಹುದೇ?’

ಅವರಿಗೆ ಸಿಟ್ಟು ಬಂತು. ‘ಬೇಕಾರ್ ಯಾಕೆ? ನಾನು ರತ್ನಕಲಾಕಾರ್. ಕಲ್ಲು ಬಂದಿಲ್ಲ, ಅಷ್ಟೇ.’

ಘಂಟಿಯ ಸ್ವಿಚ್ ಆರಿಸಿ, ಕೈಗೆ ಹತ್ತಿದ ಕಪ್ಪು ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡು ಮೆಟ್ಟಿಲಿಳಿದರು. ಗಡಿಯಾರದಲ್ಲಿ ಇನ್ನೂ ನಾಲ್ಕೂಕಾಲು.