ಮನೆಯ ಸರ್ವರ್ ಹೊರಗಿನಿಂದ ಸಿಗದಿದ್ದರೆ

ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಕೆಳಗೆ ಲೇಥ್ ಶೆಡ್ಡು, ಮೇಲೆ ಮನೆ ಇರುವ ಕಟ್ಟಡಗಳು ಬೇಕಾದಷ್ಟಿವೆ. ಅಂಥ ಕಡೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಜಾಬಿನ ಡ್ರಾಯಿಂಗು, ಬಿಲ್ಲು, ಮಕ್ಕಳ ಫೋಟೊ ಎಲ್ಲ ಅದರಲ್ಲೇ ಇಟ್ಟುಕೊಳ್ಳುವುದು ಬಹಳ ಒಳ್ಳೆಯ ಕೆಲಸ. ತೊಡಕು ಶುರುವಾಗುವುದು ಕರೆಂಟು ಹೋಗಿ ಬಂದಾಗ. ಪಾರ್ಟಿಯವರು ಡೊಮೇನ್ ಹೆಸರು ಒತ್ತಿದರೆ ಪುಟವೇ ತೆರೆಯುವುದಿಲ್ಲ. ‘ನೆಟ್ ಇಲ್ಲ’ ಎಂದು ಕೇಬಲಿನವರಿಗೆ ಫೋನು ಮಾಡುವ ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಿ: ಸರ್ವರ್ ಹೊರಗೆ ಹೋಗುವ ದಾರಿ ಬೇರೆ, ಹೊರಗಿನವರು ಒಳಗೆ ಬರುವ ದಾರಿ ಬೇರೆ.

ಹೊರಗೆ ಹೋಗುವ ದಾರಿ ನೋಡುವುದು ಸುಲಭ. ಸರ್ವರಿನಿಂದ ಮೊದಲು ರೂಟರಿಗೆ ಪಿಂಗ್ ಮಾಡಿ, ಆಮೇಲೆ 8.8.8.8ಕ್ಕೆ, ಕೊನೆಗೆ ಯಾವುದಾದರೂ ಸೈಟಿನ ಹೆಸರಿಗೆ. ರೂಟರೇ ಉತ್ತರಿಸದಿದ್ದರೆ ಕೇಬಲ್ಲು ನೋಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ನೆಟ್ ಇದೆ, ಕೆಟ್ಟಿರುವುದು ಡಿಎನ್ಎಸ್. ಉಬುಂಟುವಿನಲ್ಲಿ ಡಿಎನ್ಎಸ್ ವಿಳಾಸ 127.0.0.53 ಎಂದು ಕಂಡರೆ ಗಾಬರಿ ಬೇಡ. ಅದು ಒಳಗಿನ ಮಧ್ಯವರ್ತಿ ಅಷ್ಟೆ.

ಒಳಗೆ ಬರುವ ದಾರಿಯನ್ನು ಮನೆಯ ವೈಫೈನಿಂದ ಪರೀಕ್ಷಿಸಬೇಡಿ. ಎಷ್ಟೋ ರೂಟರುಗಳು ಒಳಗಿನವರನ್ನು ಹೊರಗಿನ ವಿಳಾಸದ ಮೂಲಕ ವಾಪಸ್ ಬಿಡುವುದಿಲ್ಲ. ಹೊರಗೆ ಎಲ್ಲ ಸರಿಯಿದ್ದರೂ ನಿಮಗೆ ಮಾತ್ರ ಕೆಟ್ಟಂತೆ ಕಾಣುತ್ತದೆ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ.

ಅಲ್ಲೂ ತೆರೆಯದಿದ್ದರೆ ರೂಟರಿನ ಸ್ಟೇಟಸ್ ಪುಟಕ್ಕೆ ಹೋಗಿ ವ್ಯಾನ್ ಐಪಿ ಬರೆದುಕೊಳ್ಳಿ. ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ಸೈಟನ್ನು ಮನೆಯ ನೆಟ್ಟಿನಲ್ಲೇ ತೆರೆದು ಹೋಲಿಸಿ. ಎರಡೂ ಒಂದೇ ಆಗಿದ್ದು, ಡೊಮೇನಿನ ಎ ರೆಕಾರ್ಡಿನಲ್ಲಿ ಬೇರೆ ಅಂಕಿ ಇದ್ದರೆ, ಕರೆಂಟು ಬಂದ ಮೇಲೆ ನಿಮ್ಮ ಐಪಿ ಬದಲಾಗಿದೆ. ಡೈನಾಮಿಕ್ ಡಿಎನ್ಎಸ್ ಹಾಕಿ, ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿ.

ಎರಡೂ ಬೇರೆಯಾಗಿದ್ದರೆ ವಿಷಯ ಗಂಭೀರ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಏಷ್ಯಾ–ಪೆಸಿಫಿಕ್ ವಲಯದಲ್ಲಿ ಐಪಿವಿ4 ವಿಳಾಸಗಳ ದಾಸ್ತಾನು 2011ರಲ್ಲೇ ತಳ ಕಂಡಿತು. ಮರುವರ್ಷ ಈ ಸರಣಿಯನ್ನು ನೆಟ್ ಕೊಡುವ ಕಂಪನಿಗಳ ಒಳಬಳಕೆಗೆಂದೇ ತೆಗೆದಿಟ್ಟರು. ವಠಾರದ ಅಷ್ಟೂ ಮನೆಗೆ ಒಂದೇ ಡೋರ್ ನಂಬರ್ ಕೊಟ್ಟಂತೆ, ನೂರಾರು ಗ್ರಾಹಕರಿಗೆ ಒಂದೇ ಹೊರ ವಿಳಾಸ. ಇಲ್ಲಿ ಪೋರ್ಟ್ ಫಾರ್ವರ್ಡ್ ಮಾಡುತ್ತ ರಾತ್ರಿ ಕಳೆಯಬೇಡಿ, ಫಲವಿಲ್ಲ: ನಿಮ್ಮ ರೂಟರಿನ ತನಕ ಕರೆ ಬರುವುದೇ ಇಲ್ಲ. (192.168 ಎಂದಿದ್ದರೆ ಹೆಚ್ಚಾಗಿ ಫೈಬರ್ ಡಬ್ಬಿಯೇ ಇನ್ನೊಂದು ರೂಟರ್ ಆಗಿ ಕೂತಿರುತ್ತದೆ. ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ.)

ಸಿಜಿನ್ಯಾಟ್‌ಗೆ ದಾರಿಗಳಿವೆ. ಕಂಪನಿ ಕೊಡುವುದಾದರೆ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ ಪಡೆಯುವುದು ಒಂದು. ಐಪಿವಿ6 ಬರುತ್ತಿದ್ದರೆ ಕ್ವಾಡ್ ಎ ರೆಕಾರ್ಡ್ ಹಾಕಿ, ರೂಟರಿನ ಫೈರ್‌ವಾಲಿನಲ್ಲಿ ಆ ಪೋರ್ಟ್ ತೆರೆಯಬಹುದು. ಆದರೆ ನೋಡುವವರಿಗೂ ಐಪಿವಿ6 ಇರಬೇಕು. ನನ್ನ ಆಯ್ಕೆ ಟನೆಲ್. ಸರ್ವರೇ ಹೊರಗಿನ ಒಂದು ಯಂತ್ರಕ್ಕೆ ಸಂಪರ್ಕ ಹಿಡಿದುಕೊಳ್ಳುತ್ತದೆ, ಬರುವವರು ಅದೇ ದಾರಿಯಲ್ಲಿ ಬರುತ್ತಾರೆ. ವೈರ್‌ಗಾರ್ಡ್, ಕ್ಲೌಡ್‌ಫ್ಲೇರ್ ಟನೆಲ್ ಎರಡರಿಂದಲೂ ಆಗುತ್ತದೆ. ಮನೆಯವರಷ್ಟೇ ಬಳಸುವುದಾದರೆ ಟೇಲ್‌ಸ್ಕೇಲ್ ಸಾಕು.

ಐಪಿ ಎಲ್ಲ ಸರಿಯಿದ್ದೂ ಪುಟ ಬಾರದಿದ್ದರೆ ಸರ್ವರಿನ ಒಳವಿಳಾಸ ನೋಡಿ. ನಿನ್ನೆ 192.168.1.20 ಇದ್ದದ್ದು ಇಂದು 1.23 ಆಗಿದ್ದರೆ, ಫಾರ್ವರ್ಡ್ ಖಾಲಿ ವಿಳಾಸಕ್ಕೆ ಹೋಗುತ್ತಿರುತ್ತದೆ. ರೂಟರಿನಲ್ಲಿ ಆ ವಿಳಾಸವನ್ನು ಸರ್ವರಿಗೆ ಕಾಯ್ದಿರಿಸಿ. ವೆಬ್ ಸರ್ವರ್ 127.0.0.1ರಲ್ಲಿ ಮಾತ್ರ ಕಿವಿಗೊಟ್ಟಿದ್ದರೂ ಹೊರಗಿನವರಿಗೆ ಸಿಗದು.

ಫೈಬರ್ ಡಬ್ಬಿಗೂ ರೂಟರಿಗೂ ಚಿಕ್ಕ ಯುಪಿಎಸ್ ಕೊಡಿಸಿ. ಕರೆಂಟು ಬಂದೊಡನೆ ಸರ್ವರ್ ತಾನೇ ಆನ್ ಆಗುವ ಆಯ್ಕೆ ಬಯಾಸಿನಲ್ಲಿದೆ, ಅದನ್ನೂ ಹಾಕಿಡಿ.