ನ್ಯಾಯವೆಂಬ ಮಾತು

'ನ್ಯಾಯ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಆದರೆ ಅದರ ಅರ್ಥವೇನೆಂದು ನಿಂತು ಯೋಚಿಸುವುದು ಅಪರೂಪ. ಅಂಗಡಿಯವನು ಹೆಚ್ಚು ಕೇಳದಿದ್ದರೆ "ನ್ಯಾಯವಾದ ಬೆಲೆ" ಎನ್ನುತ್ತೇವೆ. ಅರಳೀಕಟ್ಟೆಯ ಮೇಲೆ ಹಿರಿಯರು ಕುಳಿತು ವ್ಯಾಜ್ಯವನ್ನು ತೀರಿಸಿದರೆ "ನ್ಯಾಯ ಹೇಳಿದರು" ಎನ್ನುತ್ತೇವೆ. ಪಂಡಿತರ ಬಾಯಲ್ಲಿ ಅದೇ ಮಾತು ಗೌತಮನ ತರ್ಕಶಾಸ್ತ್ರದ ಹೆಸರು. ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡುವ ಗೃಹಿಣಿಯ ವಿವೇಕಕ್ಕೂ ಸ್ಥಾಲೀಪುಲಾಕ ನ್ಯಾಯವೆಂದೇ ಹೆಸರು. ಕಟ್ಟೆ, ಕಚೇರಿ, ಪಾಠಶಾಲೆ, ಅಡುಗೆಯ ಮನೆ, ಈ ನಾಲ್ಕಕ್ಕೂ ಒಂದೇ ಮಾತು ಸಲ್ಲುವುದು ಆಕಸ್ಮಿಕವೆ?

ಅಲ್ಲವೆಂದೇ ನನ್ನ ಎಣಿಕೆ. ಯಾವುದರಿಂದ ನಾವು ಸಾಧಿಸಬೇಕಾದ ಅರ್ಥದ ಕಡೆಗೆ ಒಯ್ಯಲ್ಪಡುವೆವೋ ಅದು ನ್ಯಾಯ ಎಂಬುದು ಶಾಸ್ತ್ರಕಾರರ ನಿರ್ವಚನ. ತರ್ಕದಲ್ಲಿ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲುಗಳು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯಕ್ಕೆ ನಾಲ್ಕು ಪಾದಗಳು: ಫಿರ್ಯಾದಿಯ ಭಾಷೆ, ಪ್ರತಿವಾದಿಯ ಉತ್ತರ, ಸಾಕ್ಷ್ಯರೂಪವಾದ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ. ಎರಡರಲ್ಲಿಯೂ ಇರುವುದು ಒಂದೇ ಕ್ರಮ. ಕೇಳಿದ ಪ್ರಶ್ನೆಗೆ ಕಾರಣ ಕೊಟ್ಟು ಉತ್ತರ ಹೇಳಬೇಕು. ಒಂದು ಸಂದರ್ಭದಲ್ಲಿ ಒಪ್ಪಿದ ಕಾರಣವನ್ನು ಅದಕ್ಕೆ ಸಮಾನವಾದ ಇನ್ನೊಂದರಲ್ಲಿಯೂ ಒಪ್ಪಬೇಕು. ಬಲವುಳ್ಳವನ ಇಚ್ಛೆಗೂ ನ್ಯಾಯಕ್ಕೂ ಇರುವ ಅಂತರ ಇಷ್ಟೇ. ಆದರೆ ಈ ಇಷ್ಟನ್ನು ಗಳಿಸಲು ಶತಮಾನಗಳು ಬೇಕಾಗುತ್ತವೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ, ಎಂದರೆ 1076 ರಿಂದ 1126 ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೇ ಮೊದಲಾದ ಕೆಲವು ಪ್ರಾಂತಗಳನ್ನು ಬಿಟ್ಟರೆ, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿವಿಭಾಗಕ್ಕೆ ಆ ಗ್ರಂಥವೇ ಪ್ರಮಾಣವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ತಂದೆ ದಯೆಯಿಂದ ಕೊಡತಕ್ಕದ್ದಲ್ಲ ಎಂಬುದು ಅದರ ಮುಖ್ಯ ಸಿದ್ಧಾಂತ. ಮದುವೆಯಾಗದ ಸೋದರಿಗೆ ಸೋದರರು ಕೊಡಬೇಕಾದ ನಾಲ್ಕನೆಯ ಒಂದು ಪಾಲು ಬರಿಯ ಮದುವೆಯ ಖರ್ಚಲ್ಲ, ನಿಜವಾದ ಪಾಲೇ ಎಂದೂ ಅವನು ವಾದಿಸಿದನು. ಆದರೆ ಹುಟ್ಟೇ ಹಕ್ಕಿಗೆ ಕಾರಣವಾದರೆ ಮಗಳೂ ಅದೇ ಮನೆಯಲ್ಲಿ ಹುಟ್ಟಿದವಳಲ್ಲವೆ ಎಂಬ ಪ್ರಶ್ನೆ ಆ ಸಿದ್ಧಾಂತದ ಒಳಗೇ ಉಳಿದುಕೊಂಡಿತು.

ಶಾಸ್ತ್ರವು ಹೀಗೆ ಉಳಿಸಿದ ಪ್ರಶ್ನೆಗಳನ್ನು ಸಾಹಿತ್ಯವು ಮರೆಯಗೊಡುವುದಿಲ್ಲ. ಕುಮಾರವ್ಯಾಸನ ಗದುಗಿನ ಭಾರತವನ್ನು ವಾಚಿಸುವಾಗ ದ್ಯೂತಸಭೆಯ ಪ್ರಸಂಗದಲ್ಲಿ ಕಣ್ಣು ತೇವವಾಗದವರು ವಿರಳ. ಅಲ್ಲಿ ನಮ್ಮನ್ನು ಕಲಕುವುದು ದ್ರೌಪದಿಯ ದುಃಖವೊಂದೇ ಅಲ್ಲ, ಅವಳು ಕೇಳಿದ ಪ್ರಶ್ನೆಯೂ ಹೌದು. ಧರ್ಮರಾಯನು ಮೊದಲು ತನ್ನನ್ನು ಸೋತು ಆಮೇಲೆ ಅವಳನ್ನು ಪಣವಾಗಿಟ್ಟನು. ತಾನೇ ಪರರ ಸೊತ್ತಾದವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರವೆಲ್ಲಿಯದು? ಯಾವ ವಕೀಲನೂ ಇದಕ್ಕಿಂತ ನೇರವಾಗಿ ವಾದವನ್ನು ಹೂಡಲಾರನು. ಆ ಸಭೆಯಲ್ಲಿ ಶಾಸ್ತ್ರಜ್ಞರಿಗೆ ಕೊರತೆಯಿರಲಿಲ್ಲ. ಆದರೂ ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದನು. ಅವಳ ಪರವಾಗಿ ಮಾತನಾಡಿದ ವಿಕರ್ಣನನ್ನು ಹುಡುಗನೆಂದು ಗದರಿಸಿದರು. ಆ ಸಭೆಯಲ್ಲಿ ಅನ್ಯಾಯವು ನಡೆದದ್ದು ದುಶ್ಶಾಸನನ ಕೈಯಿಂದ ಮಾತ್ರವಲ್ಲ, ಉತ್ತರ ಬಲ್ಲವರ ಮೌನದಿಂದಲೂ.

ನಮ್ಮ ನಾಡಿನ ಶಾಸನಸಭೆಗಳು ಹಾಗೆ ಮೌನವಾಗಿಯೇ ಉಳಿಯಲಿಲ್ಲವೆಂಬುದು ಸಮಾಧಾನದ ಸಂಗತಿ. 1933 ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ಮನೆ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಮಗಳಿಗೂ ಪಾಲುಂಟೆಂದು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಹಕ್ಕಿನ ಕಾನೂನು ಬಂದದ್ದು ಅದಕ್ಕೆ ನಾಲ್ಕು ವರ್ಷಗಳ ತರುವಾಯ, 1937 ರಲ್ಲಿ. 1956 ರ ಹಿಂದೂ ಉತ್ತರಾಧಿಕಾರ ಕಾನೂನು ತಂದೆಯ ಪಾಲಿನಲ್ಲಿ ಮಗಳಿಗೆ ಹಿಸ್ಸೆ ಕೊಟ್ಟಿತಾದರೂ, ಹುಟ್ಟಿನ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು 1994 ರಲ್ಲಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005 ರ ತಿದ್ದುಪಡಿಯು ದೇಶಕ್ಕೆಲ್ಲಾ ಅನ್ವಯವಾಗಿ, ಈ ಭೇದವನ್ನೂ ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾದುದಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020 ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇದರಲ್ಲಿ ಹೊಸ ಕಾರಣವೇನೂ ಇಲ್ಲ. ವಿಜ್ಞಾನೇಶ್ವರನು ಮಗನಿಗೆ ಹೇಳಿದ ಕಾರಣವೇ ಒಂಬತ್ತು ಶತಮಾನಗಳ ಮೇಲೆ ಮಗಳನ್ನು ಮುಟ್ಟಿತು.

ಇಲ್ಲಿಗೆ ನ್ಯಾಯವು ಪೂರ್ಣವಾಯಿತೆ? ಶಾಸನದ ಬಾಗಿಲು ದಾಟಿದ ಮೇಲೆ ಮನೆಯ ಬಾಗಿಲು ಇದೆ. ಪಾಲುಪಟ್ಟಿಯ ದಿನ ಅಕ್ಕತಂಗಿಯರನ್ನು ಕರೆಸಿ, ಊಟಕ್ಕಿಕ್ಕಿ, ಸೀರೆ ಕೊಟ್ಟು, ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಮಾಡಿಸಿಕೊಳ್ಳುವುದನ್ನು ಕಾಣದವರಾರು? ಅವಳು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಅದನ್ನು ಆಕ್ಷೇಪಿಸಲು ನಾವು ಯಾರು? ಆದರೆ ಎಷ್ಟೋ ವೇಳೆ ಆ ರುಜುವಿನ ಹಿಂದೆ ಇರುವುದು ಭಯ: ಪಾಲು ಕೇಳಿದರೆ ತವರಿನ ದಾರಿ ಮುಚ್ಚೀತು, ಗೌರಿಹಬ್ಬಕ್ಕೆ ಅಣ್ಣ ಅರಿಸಿನ ಕುಂಕುಮಕ್ಕೆ ಕರೆಯಲು ಬಾರದೆ ಹೋದಾನು ಎಂಬ ಭಯ. ಅರಿಸಿನ ಕುಂಕುಮವು ಪ್ರೀತಿಯ ಕುರುಹು. ಅದನ್ನು ಹಕ್ಕಿನ ಬೆಲೆಯಾಗಿ ಕಟ್ಟಿದರೆ ಪ್ರೀತಿಗೂ ಅಪಚಾರ, ಹಕ್ಕಿಗೂ ಅಪಚಾರ.

ಆದಕಾರಣ ನ್ಯಾಯವನ್ನು ಕಚೇರಿಗೆ ಮಾತ್ರ ಸೇರಿದ ವಸ್ತುವೆಂದು ತಿಳಿಯುವುದು ಸರಿಯಲ್ಲ. ಕಾನೂನು ಉತ್ತರವನ್ನು ಬರೆದಿಡುತ್ತದೆ. ಕಾವ್ಯವು ಪ್ರಶ್ನೆಯನ್ನು ಬದುಕಿಸಿಡುತ್ತದೆ. ಪ್ರಶ್ನೆ ಕೇಳಿದವಳನ್ನು ಹಗೆಯೆಂದು ಭಾವಿಸದಿರುವುದು ನಮ್ಮ ನಡತೆಗೆ ಬಿಟ್ಟದ್ದು. ಮುಂದೆ ಎಂದಾದರೂ ನಮ್ಮ ಮನೆಯ ಹಜಾರದಲ್ಲಿ ತಂಗಿಯೊಬ್ಬಳು "ನನ್ನ ಪಾಲೆಲ್ಲಿ, ಅಣ್ಣ?" ಎಂದು ಕೇಳಿದಾಗ, ನಾವು ಆ ಸಭೆಯ ಹಿರಿಯರಂತೆ ತಲೆ ತಗ್ಗಿಸದೆ, ಅವಳ ಮುಖ ನೋಡಿ ಉತ್ತರ ಕೊಡುವಂತಾಗಲಿ.